ಹೂವಿನ ಮಾರುಕಟ್ಟೆಯಲ್ಲಿ ಅಪರಿಚಿತರ ಚಿತ್ರ ತೆಗೆಯುವ ಅಳುಕು

ಡೊಂಬಿವಲಿ ಹವ್ಯಾಸಿ:
ಆರು ತಿಂಗಳಿನಿಂದ ಭಾನುವಾರ ಬೆಳಿಗ್ಗೆ ಮುಂಬಯಿಯ ದಾದರ್ ಪಶ್ಚಿಮದ ಹೂವಿನ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋಗುತ್ತಿದ್ದೇನೆ. ಅಪರಿಚಿತರ ಎದುರು ಅದನ್ನು ಎತ್ತಲು ಧೈರ್ಯ ಬಾರದೆ, 55-200 ಮಿ.ಮೀ. ಜೂಮ್ ಲೆನ್ಸಿನಲ್ಲಿ ರಸ್ತೆಯ ಆಚೆ ಬದಿಯಿಂದಲೇ ತೆಗೆಯುತ್ತೇನೆ. ಮನೆಗೆ ಬಂದು ನೋಡಿದರೆ ಚೆಂಡುಹೂವಿನ ರಾಶಿಗಳ ನಡುವೆ ಬರೀ ಬೆನ್ನುಗಳು. ಈ ಅಳುಕನ್ನು ನೀವು ಹೇಗೆ ಕಳೆದುಕೊಂಡಿರಿ? ಮೊದಲೇ ಅನುಮತಿ ಕೇಳಬೇಕೆ?

ಮಾಟುಂಗಾ ನಿವಾಸಿ:
ಜೂಮ್ ಲೆನ್ಸನ್ನು ಕೆಲವು ವಾರ ಮನೆಯಲ್ಲೇ ಬಿಡಿ. ದೂರದಲ್ಲಿ ಮರೆಯಾಗಿ ನಿಂತವನ ಮೇಲೆಯೇ ಜನರಿಗೆ ಅನುಮಾನ ಹೆಚ್ಚು. ಎಲ್ಲರಿಗೂ ಕಾಣುವಂತೆ ಹತ್ತಿರ ನಿಂತವನನ್ನು ಸ್ವಲ್ಪ ಹೊತ್ತಿನಲ್ಲೇ ಮರೆತುಬಿಡುತ್ತಾರೆ. ನಿಮ್ಮದು ಎಪಿಎಸ್-ಸಿ (35 ಮಿ.ಮೀ. ಫಿಲ್ಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ ಆಗಿದ್ದರೆ, ಅದರ ಜೊತೆ ಬಂದ 18-55 ಮಿ.ಮೀ. ಲೆನ್ಸನ್ನು 23 ಮಿ.ಮೀ. ಆಸುಪಾಸಿನಲ್ಲಿಟ್ಟು, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಎಫ್/8 ಮಾಡಿ, ಶಟರ್ 1/250 ಸೆಕೆಂಡಿಗಿಂತ ನಿಧಾನವಾಗದಂತೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಹೆಚ್ಚಿಸಿಕೊಂಡು, 2.5 ಮೀಟರ್ ದೂರದ ಕಂಬವೊಂದಕ್ಕೆ ಫೋಕಸ್ ಮಾಡಿ, ಲೆನ್ಸ್ ಮತ್ತೆ ತಾನಾಗಿ ಫೋಕಸ್ ಹುಡುಕದಂತೆ ಮ್ಯಾನುವಲ್‌ಗೆ ಬದಲಾಯಿಸಿಬಿಡಿ, ಸುಮಾರು 1.5 ಮೀಟರಿನಿಂದ 10 ಮೀಟರಿನವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಲೆನ್ಸ್ ಫೋಕಸ್ ಹುಡುಕುವ ಆ ಅರೆಕ್ಷಣದಲ್ಲೇ ಅಲ್ಲವೆ ನಮ್ಮ ಧೈರ್ಯ ಜಾರುವುದು! ಮತ್ತೆ, ಜನರ ಹಿಂದೆ ಅಲೆಯಬೇಡಿ. ಬೆಳಕು ಚೆನ್ನಾಗಿ ಬೀಳುವ ಒಂದು ಕಡೆ ನಿಂತು, ಅವರೇ ಆ ಬೆಳಕಿಗೆ ಬರುವವರೆಗೆ ಕಾಯಿರಿ.

ಠಾಣೆಯ ಓದುಗ:
ಮೊದಲೇ ಕೇಳಿದರೆ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂರುತ್ತಾರೆ, ಪಾಸ್‌ಪೋರ್ಟಿನ ಫೋಟೊ ಆಗುತ್ತದೆ ಎಂಬುದು ನಿಜ. ಆದರೂ ನಾನು ಕೇಳುತ್ತೇನೆ. ಕಾಲು ಕಿಲೊ ಹೂವು ಕೊಂಡು, "ಮಾವಶಿ, ಫೋಟೊ ಕಾಢೂ ಕಾ?" ಎಂದು ಕೇಳಿ, ಆ ಬಿಗಿದ ಮುಖದ ಚಿತ್ರವನ್ನು ತೆಗೆದು ಅವರಿಗೇ ತೋರಿಸಿ, ಅವರು ನಕ್ಕು ಮತ್ತೆ ಮಾಲೆ ಕಟ್ಟಲು ತೊಡಗಿದ ಮೇಲೆ ನನಗೆ ಬೇಕಾದದ್ದನ್ನು ತೆಗೆಯುತ್ತೇನೆ. ಬೇಡವೆಂದು ಕೈ ಅಡ್ಡ ಹಿಡಿದರೆ ಅಲ್ಲಿಗೆ ಮುಗಿಯಿತು, ವಾದವಿಲ್ಲ.

ಪುಣೆಯ ವಕೀಲ:
ಸಾರ್ವಜನಿಕ ಸ್ಥಳದಲ್ಲಿ ಚಿತ್ರ ತೆಗೆಯುವುದನ್ನೇ ಅಪರಾಧವೆನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಸೆರೆಹಿಡಿಯುವುದು 2023ರ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಚಿತ್ರವನ್ನು ಜಾಹೀರಾತಿಗೆ ಕೊಡುವುದಾದರೆ ಲಿಖಿತ ಒಪ್ಪಿಗೆ ಪಡೆಯಿರಿ. ಕೊಲಾಬಾ ಕಡೆ ಹೋದರೆ ನೌಕಾಪಡೆಯ ಆವರಣಗಳತ್ತ ಕ್ಯಾಮೆರಾ ತಿರುಗಿಸಬೇಡಿ.

ಡೊಂಬಿವಲಿ ಹವ್ಯಾಸಿ:
ಎಲ್ಲರಿಗೂ ಧನ್ಯವಾದಗಳು. ಇಂದು ಜೂಮ್ ಬಿಟ್ಟು ಹೋಗಿದ್ದೆ. ನಲವತ್ತರಲ್ಲಿ ಮೂರು ಚಿತ್ರಗಳು ಪರವಾಗಿಲ್ಲ. ಒಂದರಲ್ಲಿ ಹೂವಿನ ಬುಟ್ಟಿ ಹೊತ್ತವರೊಬ್ಬರು ನೇರವಾಗಿ ನನ್ನನ್ನೇ ನೋಡಿ ಗದರುತ್ತಿದ್ದಾರೆ. ಚಿತ್ರ ತೆಗೆದದ್ದಕ್ಕಲ್ಲ, ದಾರಿಗೆ ಅಡ್ಡ ನಿಂತಿದ್ದಕ್ಕೆ.