ಎಂಟು ತಿಂಗಳು ಕಬ್ಬಿಣದ ಮಾತ್ರೆ ತಗೊಂಡರೂ ರಕ್ತ ಏರುತ್ತಿಲ್ಲ, ಸಣ್ಣ ಕರುಳಿನ ತೊಂದರೆ ಇರಬಹುದಾ?

ಪ್ರಶ್ನೆ (ವಿಜಯನಗರದಿಂದ):
ನನ್ನ ತಂಗಿಗೆ 26 ವರ್ಷ. ಎಂಟು ತಿಂಗಳಿಂದ ಮಾತ್ರೆ ತಪ್ಪಿಸಿಲ್ಲ, ಆದರೂ ಹಿಮೋಗ್ಲೋಬಿನ್ 8 ದಾಟುತ್ತಿಲ್ಲ. ಊಟ ಚೆನ್ನಾಗಿಯೇ ಮಾಡುತ್ತಾಳೆ, ತೂಕ ಮಾತ್ರ 6 ಕಿಲೋ ಇಳಿದಿದೆ. ಹೊಟ್ಟೆ ಉಬ್ಬರ, ದಿನಕ್ಕೆ ಮೂರ್ನಾಲ್ಕು ಸಲ ಭೇದಿ. ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ನಿಂತುಬಿಡುತ್ತಾಳೆ. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂತ ಹೇಳಿ ಕಳಿಸಿದ್ದರು. ಈಗಿನ ಡಾಕ್ಟರ್, ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳುತ್ತಿಲ್ಲ ಅನಿಸುತ್ತೆ, ಎಂಡೋಸ್ಕೋಪಿ ಮಾಡೋಣ ಅಂದಿದ್ದಾರೆ. ಅಮ್ಮ ತುಂಬಾ ಹೆದರಿದ್ದಾರೆ. ತಂಗಿ ಎಲ್ಲೋ ಓದಿ, ನಾಳೆಯಿಂದಲೇ ಗೋಧಿ ಬಿಡ್ತೀನಿ ಅಂತಿದ್ದಾಳೆ. ಬಿಡಬಹುದಾ?

ಉತ್ತರ (ಹನುಮಂತನಗರದಿಂದ):
ದಯವಿಟ್ಟು ಈಗ ಬಿಡಿಸಬೇಡಿ! ನನಗೆ ಸೀಲಿಯಾಕ್ ಕಾಯಿಲೆ (ಗೋಧಿ ತಿಂದರೆ ಸಣ್ಣ ಕರುಳು ಹಾಳಾಗುವ ಕಾಯಿಲೆ) ಇದೆ. ಟೆಸ್ಟ್‌ಗೆ ಮೊದಲೇ ಗೋಧಿ ಬಿಟ್ಟರೆ ರಕ್ತದಲ್ಲಿ ಈ ಕಾಯಿಲೆಯ ಸುಳಿವು ಕೊಡುವ ಆಂಟಿಬಾಡಿ ಇಳಿದು, ಕರುಳೂ ವಾಸಿಯಾಗಲು ಶುರುವಾಗಿ, ರಿಪೋರ್ಟಿನಲ್ಲಿ ಕಾಯಿಲೆ ಕಾಣಿಸದೇ ಹೋಗಬಹುದು. ನಾನು ಹಾಗೆ ಬಿಟ್ಟು, ಮತ್ತೆ ಆರು ವಾರ ದಿನಾ ಚಪಾತಿ ತಿಂದು ಟೆಸ್ಟ್ ಮಾಡಿಸಬೇಕಾಯಿತು. ಆ ಆಂಟಿಬಾಡಿ ನೋಡಲು ಟಿಟಿಜಿ ಐಜಿಎ ಅಂತ ರಕ್ತ ಪರೀಕ್ಷೆ ಇದೆ, ಕೇಳಿ.

ಸಣ್ಣ ಕರುಳಿನ ಒಳಗೋಡೆ ಭತ್ತದ ಒಟ್ಲಿನ ಹಾಗೆ, ಒತ್ತೊತ್ತಾಗಿ ಸಣ್ಣ ಎಳೆಗಳು. ಊಟದ ಸತ್ವ ಹೀರುವುದು ಅವೇ. ಸೀಲಿಯಾಕ್ ಇದ್ದವರಿಗೆ ಗೋಧಿ, ಬಾರ್ಲಿಯ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದರೆ ಎಳೆಗಳು ದನ ಮೇದ ಹಾಗೆ ಸವೆದು ಚಪ್ಪಟೆ ಆಗುತ್ತವೆ. ಕಬ್ಬಿಣ ಹೀರುವುದು ಮುಖ್ಯವಾಗಿ ಕರುಳಿನ ಮೊದಲ ಭಾಗದಲ್ಲಿ. ಅಲ್ಲೇ ಹಾಳಾಗಿದ್ದರೆ ಎಷ್ಟು ಮಾತ್ರೆ ನುಂಗಿ ಏನು ಬಂತು? ಕ್ಯಾಲ್ಸಿಯಂ ಕೂಡ ಸಾಲದೆ ಮೂಳೆ ಸವೆಯುತ್ತದೆ.

ಖಾಯಿಲೆ ಅದೇ ಅಂತ ಗೊತ್ತಾದರೆ ಆಮೇಲೆ ರವೆ ಇಡ್ಲಿ, ಖಾರಾಬಾತ್, ಗೋಧಿ ಶಾವಿಗೆ ಎಲ್ಲಾ ಪೂರ್ತಿ ಬಂದ್. ಮುದ್ದೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿ ಧೈರ್ಯವಾಗಿ ತಿನ್ನಬಹುದು. ಇಂಗಿನ ಡಬ್ಬಿ ಮಾತ್ರ ತಿರುಗಿಸಿ ಓದಿ. ಎಷ್ಟೋ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ನಾನು ಒಂದು ವರ್ಷ ಸಾರಿನಲ್ಲೇ ಅದನ್ನು ತಿಂದೆ.

ಉತ್ತರ (ಯಲಹಂಕದಿಂದ):
ಎಲ್ಲಾ ಸೀಲಿಯಾಕ್ ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಅದು ಉತ್ತರದ ಕಡೆ ಜಾಸ್ತಿ. ನಮ್ಮ ಅಣ್ಣನಿಗೂ ತೂಕ ಇಳಿದು, ಸಂಜೆ ಜ್ವರ, ಬಲಗಡೆ ಕೆಳಹೊಟ್ಟೆ ನೋವು ಇತ್ತು. ಕೊನೆಗೆ ಗೊತ್ತಾಗಿದ್ದು ಕರುಳಿನ ಟಿಬಿ, ಸಣ್ಣ ಕರುಳಿನ ಕೊನೆಯಲ್ಲಿ. ನರಗಳಿಗೆ ಬೇಕಾದ ಬಿ12 ವಿಟಮಿನ್ ಹೀರುವ ಜಾಗ ಅದೇ, ಹಾಗಾಗಿ ಅದು ಸಾಲದೆ ಅವನಿಗೆ ಪಾದ ಜೋಮು ಹಿಡಿಯುತ್ತಿತ್ತು. ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯೂ ನೋಡಲು ಹೀಗೇ ಇರುತ್ತದೆ, ಆದರೆ ಅದಕ್ಕೆ ಕೊಡುವ ಸ್ಟಿರಾಯ್ಡ್ ಟಿಬಿ ಇದ್ದವರಿಗೆ ಅಪಾಯ. ಅದಕ್ಕೇ ಬಯಾಪ್ಸಿ, ಅಂದರೆ ಕರುಳಿನ ಚೂರು ತೆಗೆದು ಪರೀಕ್ಷಿಸುವುದು ಬೇಕು. ಅಣ್ಣ ಆರು ತಿಂಗಳು ಮಾತ್ರೆ ತಗೊಂಡು ಈಗ ಆರಾಮಾಗಿದ್ದಾನೆ. ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಔಷಧಿಗೆ ದುಡ್ಡಿಲ್ಲ. ಟ್ರಾಪಿಕಲ್ ಸ್ಪ್ರೂ ಅಂತಲೂ ಒಂದಿದೆ, ಅದರಲ್ಲೂ ಸಣ್ಣ ಕರುಳು ಸತ್ವ ಹೀರುವುದಿಲ್ಲ, ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಕಂಡಿದ್ದು. ಫೋಲಿಕ್ ಆಸಿಡ್, ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟರೆ ವಾಸಿಯಾಗುತ್ತದೆ. ಅಮ್ಮನಿಗೆ ಹೇಳಿ, ಎಂಡೋಸ್ಕೋಪಿಯಲ್ಲಿ ಕಾಳಿನಷ್ಟು ಚೂರು ತೆಗೆಯುತ್ತಾರೆ, ತೆಗೆದಿದ್ದೂ ಗೊತ್ತಾಗಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗೋಧಿ ಬಿಡಿಸಿಲ್ಲ, ಬೆಳಿಗ್ಗೆ ಟಿಟಿಜಿಗೆ ರಕ್ತ ಕೊಟ್ಟು ಬಂದೆವು. ಎಂಡೋಸ್ಕೋಪಿ ಗುರುವಾರ. ಜೋಮಿನ ವಿಷಯ ಓದಿ ತಂಗಿಯನ್ನು ಸುಮ್ನೆ ಕೇಳಿದೆ. ಎರಡು ತಿಂಗಳಿಂದ ರಾತ್ರಿ ಪಾದ ಜುಮ್ ಅನ್ನುತ್ತೆ ಅಂದಳು. ನಾವ್ಯಾರೂ ಕೇಳೇ ಇರಲಿಲ್ಲ. ಬಿ12 ಪರೀಕ್ಷೆ ಕೂಡ ಬರೆಸುತ್ತೇನೆ.