ಅಪ್‌ಡೇಟ್: ಜೀವನ್ ಪ್ರಮಾಣ್ ತಿರಸ್ಕೃತವಾಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ನಮ್ಮ ಸ್ವಯಂಸೇವಕರು ಮಾಜಿ ಸೈನಿಕರ ಮನೆಗೇ ಹೋಗಿ ಮಾಡಿಕೊಟ್ಟ ಜೀವನ್ ಪ್ರಮಾಣ್‌ಗಳಲ್ಲಿ (ಪಿಂಚಣಿದಾರರು ಬದುಕಿದ್ದಾರೆ ಎಂಬ ಡಿಜಿಟಲ್ ಪ್ರಮಾಣಪತ್ರ) ಕೆಲವು ಏಕೆ ತಿರಸ್ಕೃತವಾಗುತ್ತಿವೆ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ, ತಪ್ಪು ಸಿಕ್ಕಿತು.

ಪಿಂಚಣಿ ಸ್ಪರ್ಶ್‌ಗೆ (ರಕ್ಷಣಾ ಇಲಾಖೆಯ ಆನ್‌ಲೈನ್ ಪಿಂಚಣಿ ವ್ಯವಸ್ಥೆ) ಬದಲಾದ ಮೇಲೂ ನಮ್ಮವರು 'ಡಿಸ್ಬರ್ಸಿಂಗ್ ಅಥಾರಿಟಿ' (ಪಿಂಚಣಿ ಕೊಡುವ ಕಚೇರಿ) ಕಡೆ ಹಳೇ ಬ್ಯಾಂಕನ್ನೇ ಆರಿಸುತ್ತಿದ್ದರು. ದುಡ್ಡು ಬೀಳುವುದು ಅದೇ ಬ್ಯಾಂಕಿನ ಖಾತೆಗೆ, ಹಾಗಾಗಿ ಗೊಂದಲ ಸಹಜ. ಅಲ್ಲಿ 'ಸ್ಪರ್ಶ್ - ಪಿಸಿಡಿಎ (ಪೆನ್ಶನ್ಸ್) ಅಲಹಾಬಾದ್' ಎಂದೇ ಇರಬೇಕು; ಪಿಸಿಡಿಎ ಅಂದರೆ ರಕ್ಷಣಾ ಇಲಾಖೆಯ ಲೆಕ್ಕಪತ್ರ ಕಚೇರಿ. 'ಸ್ಯಾಂಕ್ಷನಿಂಗ್ ಅಥಾರಿಟಿ'ಗೆ (ಪಿಂಚಣಿ ಮಂಜೂರು ಮಾಡಿದ ಕಚೇರಿ) ಭೂಸೇನೆಯವರಾದರೆ 'ಡಿಫೆನ್ಸ್ - ಪಿಸಿಡಿಎ (ಪಿ) ಅಲಹಾಬಾದ್'; ವಾಯುಪಡೆ, ನೌಕಾಪಡೆಯವರಿಗೆ ಇದು ಬೇರೆ. ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರೂ ಸ್ಪರ್ಶ್‌ನದ್ದೇ ಬೇಕು, ಟ್ರಂಕಿನಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಹಳೇ ಕಾಗದದ್ದಲ್ಲ. ಸೈನಿಕರು ತೀರಿಕೊಂಡಿದ್ದರೆ ಹೆಂಡತಿಗೆ 'ಫ್ಯಾಮಿಲಿ ಪೆನ್ಶನ್' ಆರಿಸಿ.

ತೋಟದ ಕೆಲಸದಲ್ಲಿ ಬೆರಳು ಸವೆದ ಅಜ್ಜಿಯರಿಗೆ ಬೆರಳಚ್ಚಿನ ಹಟ ಬೇಡ. ಫೋನಿನಲ್ಲಿ ಜೀವನ್ ಪ್ರಮಾಣ್ ಜೊತೆ ಮುಖ ನೋಡಿ ಗುರುತಿಸುವ ಆಧಾರ್ ಫೇಸ್‌ಆರ್‌ಡಿ ಆ್ಯಪ್ ಹಾಕಿಕೊಂಡು, ಅವರನ್ನು ಕಿಟಕಿಯ ಬೆಳಕಿಗೆ ಮುಖಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ಪ್ರಮಾಣ್ ಐಡಿ (ಪ್ರಮಾಣಪತ್ರದ ಸಂಖ್ಯೆ) ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೆಲವು ದಿನ ಬಿಟ್ಟು ಸ್ವೀಕೃತವಾಗಿದೆಯೇ ಎಂದು ನೋಡಲೇಬೇಕು.

80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ, ಅವರ ಮನೆಗಳಿಗೆ ಮೊದಲು ಹೋಗುತ್ತಿದ್ದೇವೆ. ಪಿಪಿಒ ಮತ್ತು ಆಧಾರ್‌ನಲ್ಲಿ ಹೆಸರು ಬೇರೆಬೇರೆ ಇರುವವರದು ಮಾತ್ರ ಇನ್ನೂ ಬಾಕಿ.