ಬೋರ್ಡ್ ಮೇಲೆ 90,000 ಡಾಲರ್ ಇತ್ತು, ಆದರೂ ಕುದುರೆ ಮರಿ ಮಾರಾಟ ಆಗಿಲ್ಲವಂತೆ. ಹೇಗೆ?

ಪ್ರಶ್ನೆ:
ನಮಸ್ಕಾರ ಡಾಕ್ಟ್ರೇ. ನಮ್ಮೂರು ಕುಣಿಗಲ್ ಹತ್ತಿರ, ಈಗ ಇರುವುದು ಸಿನ್ಸಿನಾಟಿಯಲ್ಲಿ. ಚಿಕ್ಕವನಿದ್ದಾಗ ಕುಣಿಗಲ್ ಸ್ಟಡ್ ಫಾರಂ ಬೇಲಿ ಪಕ್ಕ ನಿಂತು ಕುದುರೆಗಳನ್ನು ನೋಡುತ್ತಿದ್ದೆ. ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಈ ಸೆಪ್ಟೆಂಬರ್‌ನಲ್ಲಿ ಲೆಕ್ಸಿಂಗ್ಟನ್‌ಗೆ ಹೋಗಿ ಕೀನ್‌ಲ್ಯಾಂಡ್ ಇಯರ್ಲಿಂಗ್ ಹರಾಜು, ಅಂದರೆ ಒಂದು ವರ್ಷದ ಕುದುರೆ ಮರಿಗಳ ಹರಾಜು, ನೋಡಿ ಬಂದೆ. ಒಂದು ಹೆಣ್ಣು ಮರಿ ತುಂಬಾ ಇಷ್ಟವಾಯಿತು. ಬೋರ್ಡ್ ಮೇಲೆ 90,000 ಡಾಲರ್ ತನಕ ಏರಿತು, ಸುತ್ತಿಗೆ ಬಡಿದರು, ಮರಿ ಹೊರಗೆ ಹೋಯಿತು. ಮನೆಗೆ ಬಂದು ಫಲಿತಾಂಶ ನೋಡಿದರೆ 90,000 ಪಕ್ಕದಲ್ಲಿ ಆರ್‌ಎನ್‌ಎ ಅಂತ ಇದೆ. ಮಾರಾಟವೇ ಆಗಿಲ್ಲವಂತೆ. ಹಾಗಾದರೆ ಅಷ್ಟು ಹೊತ್ತು ಕೂಗಿದ್ದು ಯಾರು? ಮುಂದಿನ ವರ್ಷ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಮರಿ ಕೊಳ್ಳಬೇಕು ಅಂದುಕೊಂಡಿದ್ದೇವೆ. ಬೆಲೆ ಹೇಗೆ ಓದಬೇಕು, ಎಲ್ಲಿ ನಿಲ್ಲಿಸಬೇಕು, ಸ್ವಲ್ಪ ತಿಳಿಸಿ.

ಉತ್ತರ:
ನಮಸ್ಕಾರ. ಕುಣಿಗಲ್ ಅಂದ ಕೂಡಲೇ ಖುಷಿಯಾಯಿತು. ನಾನು ಕುದುರೆ ವೈದ್ಯ. ಹರಾಜಿನ ದಿನಗಳಲ್ಲಿ ಕೊಳ್ಳುವವರ ಪರವಾಗಿ ಎಕ್ಸ್‌ರೇ ನೋಡುವುದು, ಮರಿ ನಡೆಯುವುದನ್ನು ನೋಡುವುದು ನನ್ನ ಕೆಲಸ. ಹಾಗಾಗಿ ಕೂಗುವವರ ಪಕ್ಕದಲ್ಲೇ ನಿಂತಿರುತ್ತೇನೆ.

ನಮ್ಮ ಕಡೆ ಹರಾಜಿನಲ್ಲಿ "ಸರ್ಕಾರಿ ಸವಾಲು" ಅಂತ ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತಾರೆ, ಅಲ್ವಾ? ಅದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಕೀನ್‌ಲ್ಯಾಂಡ್‌ನಲ್ಲೂ ಅಂಥದ್ದೊಂದು ಬೆಲೆ ಇದೆ, ರಿಸರ್ವ್ ಅನ್ನುತ್ತಾರೆ. ಆದರೆ ಅದನ್ನು ಹೇಳುವುದಿಲ್ಲ. ಮರಿ ರಿಂಗ್‌ಗೆ ಬರುವ ಮೊದಲು ಮಾರುವವರು ಹರಾಜು ಮಾಡುವವರಿಗೆ ಆ ಬೆಲೆ ತಿಳಿಸಿರುತ್ತಾರೆ. ಅದು ಮುಟ್ಟುವ ತನಕ ಮಾರುವವರ ಪರವಾಗಿಯೂ ಸವಾಲು ಏರಿಸಬಹುದು, ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ಸಿದ್ಧಗಂಗೆ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ನಿಂತವರಿಗೆ ಬೆಲೆ ಗೊತ್ತಾಗುವುದಿಲ್ಲ. ಇಲ್ಲಿ ಬೋರ್ಡ್ ಮೇಲೆ ಬೆಲೆ ಕಾಣುತ್ತದೆ, ಟವೆಲ್ ಕೆಳಗಿರುವುದು ರಿಸರ್ವ್.

ಆರ್‌ಎನ್‌ಎ ಅಂದರೆ ರಿಸರ್ವ್ ಮುಟ್ಟಲಿಲ್ಲ ಅಂತ ಅಷ್ಟೇ. ಆ 90,000 ಯಾರೋ ನಿಜವಾಗಿ ಕೂಗಿದ್ದಿರಬಹುದು. ನಿಜವಾದ ಗಿರಾಕಿ 60,000ಕ್ಕೇ ಬಿಟ್ಟು, ಉಳಿದದ್ದು ಮಾರುವವರ ಪರವಾಗಿ ಏರಿದ್ದೂ ಇರಬಹುದು. ಅದಕ್ಕೇ ಆರ್‌ಎನ್‌ಎ ಬೆಲೆಯನ್ನು ಮಾರುಕಟ್ಟೆ ಬೆಲೆ ಅಂತ ಬರೆದಿಟ್ಟುಕೊಳ್ಳಬೇಡಿ. ಮಾರುವವರು ಅದಕ್ಕಿಂತ ಜಾಸ್ತಿ ನಿರೀಕ್ಷೆ ಮಾಡಿದ್ದರು, ಅದರಿಂದ ತಿಳಿಯುವುದು ಇಷ್ಟೇ.

ಇನ್ನೊಂದು ವಿಷಯ. ನೀವು ಒಳಗೆ ಕುರ್ಚಿಯಲ್ಲಿ ಕೂತು ನೋಡಿದಿರಿ ಅನ್ನಿಸುತ್ತದೆ. ಸವಾಲುಗಳಲ್ಲಿ ಅರ್ಧ ಕಥೆ ಹಿಂದಿನ ರಿಂಗ್‌ನಲ್ಲಿ ನಡೆಯುತ್ತದೆ. ಮರಿಗಳು ಒಳಗೆ ಹೋಗುವ ಮೊದಲು ಸುತ್ತುವ ಜಾಗ ಅದು. ಅನುಭವಸ್ಥರು ಅಲ್ಲೇ ನಿಲ್ಲುತ್ತಾರೆ. ಕತ್ತು ಚೂರು ಆಡಿಸಿದರೆ ಸಾಕು, ಸವಾಲು ಹಿಡಿಯುವವರು ಒಳಗೆ ಕೂಗಿ ತಿಳಿಸುತ್ತಾರೆ. ಮುಂದಿನ ಸಲ ಒಂದು ಗಂಟೆ ಅಲ್ಲಿ ನಿಂತು, ಬೋರ್ಡ್ ಬಿಟ್ಟು ಆ ಸವಾಲು ಹಿಡಿಯುವವರನ್ನೇ ನೋಡಿ. ಇಬ್ಬರು ನಿಜವಾಗಿ ಹಠಕ್ಕೆ ಬಿದ್ದಾಗ ಅವರ ದನಿಯೇ ಬೇರೆ ಆಗುತ್ತದೆ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು ಡಾಕ್ಟ್ರೇ. ಹಾಗಾದರೆ ನಮ್ಮ ಬಜೆಟ್‌ಗೆ ಸರಿಯಾದ ಬೆಲೆ ಯಾವುದು ಅಂತ ಹೇಗೆ ಲೆಕ್ಕ ಹಾಕುವುದು? ಸರಾಸರಿ ನೋಡಿದರೆ ಸಾಕಾ?

ಉತ್ತರ:
ಸಾಲದು. 4000ಕ್ಕಿಂತ ಜಾಸ್ತಿ ಮರಿಗಳ ಪಟ್ಟಿ ಇರುವ ಹರಾಜು ಅದು, ಎರಡು ವಾರದ ಹತ್ತಿರ ನಡೆಯುತ್ತದೆ. ಮೊದಲ ದಿನಗಳಲ್ಲಿ ಮಿಲಿಯನ್ ದಾಟುವ ಕೆಲವೇ ಮರಿಗಳು ಸರಾಸರಿಯನ್ನು ಎಲ್ಲಿಗೋ ಎಳೆದುಬಿಡುತ್ತವೆ. ಮೀಡಿಯನ್ ನೋಡಿ, ಅಂದರೆ ಬೆಲೆಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು. ಅದೂ ನೀವು ಕೊಳ್ಳುವ ದಿನಗಳದ್ದು ಮಾತ್ರ. ಒಳ್ಳೆಯ ವಂಶದ ಮರಿಗಳನ್ನು ಮೊದಲ ಬುಕ್‌ಗಳಲ್ಲಿ, ಅಂದರೆ ಹರಾಜಿನ ಮೊದಲ ದಿನಗಳ ಭಾಗಗಳಲ್ಲಿ, ಹಾಕುತ್ತಾರೆ. ನಿಮ್ಮಂಥವರ ಜಾಗ ಎರಡನೇ ವಾರ.

ಆಮೇಲೆ ಒಂದೇ ತಂದೆಯ ಮರಿಗಳನ್ನು ಒಟ್ಟಿಗೆ ಹೋಲಿಸಿ. ಗಂಡು ಬೇರೆ, ಹೆಣ್ಣು ಬೇರೆ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ತಂದೆ ಕುದುರೆಯ ಈಗಿನ ಸ್ಟಡ್ ಫೀ, ಅಂದರೆ ಹೆಣ್ಣು ಕುದುರೆಯನ್ನು ಅದರ ಜೊತೆ ಕೂಡಿಸಲು ಕಟ್ಟುವ ಹಣ, ನೋಡಿ ಮರಿಯ ಬೆಲೆ ಅಳೆಯುತ್ತಾರೆ. ಕುದುರೆಯ ಗಬ್ಬ ಸುಮಾರು 11 ತಿಂಗಳು. 2025ರ ಸೆಪ್ಟೆಂಬರ್‌ನಲ್ಲಿ ಮಾರಾಟಕ್ಕೆ ಬಂದ ಮರಿ ಹುಟ್ಟಿದ್ದು 2024ರಲ್ಲಿ, ತಾಯಿಯನ್ನು ಕೂಡಿಸಿದ್ದು ಸಾಮಾನ್ಯವಾಗಿ 2023ರ ವಸಂತದಲ್ಲಿ. ಮಾರುವವರು ಕಟ್ಟಿದ್ದು 2023ರ ಫೀ. ಅವರ ಖರ್ಚಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ, ರಿಸರ್ವ್ ಊಹಿಸುವುದಕ್ಕೂ ಅದೇ ದಾರಿ.

ನಿಲ್ಲಿಸುವುದರ ಬಗ್ಗೆ ಕೇಳಿದಿರಿ. ಮರಿ ಒಳಗೆ ಬರುವ ಮೊದಲೇ ಕೊನೆಯ ಬೆಲೆಯನ್ನು ಕ್ಯಾಟಲಾಗ್ ಪುಟದ ಮೇಲೆ ಪೆನ್ನಿನಲ್ಲಿ ಬರೆಯಿರಿ. ಒಂದು ಮರಿಗೆ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ "ಇನ್ನೊಂದೇ ಒಂದು ಸವಾಲು" ಅಂತ ಮನಸ್ಸು ಎಳೆಯುತ್ತದೆ. ನಾಲ್ಕು ಜನ ಇದ್ದೀರಿ, ಕೂಗುವುದು ಮಾತ್ರ ಒಬ್ಬರೇ. ನಾನು ಜೊತೆಗಿದ್ದ ಒಂದು ತಂಡದಲ್ಲಿ ಒಬ್ಬರು ಒಳಗಿದ್ದರು, ಇನ್ನೊಬ್ಬರು ಹಿಂದಿನ ರಿಂಗ್‌ನಲ್ಲಿದ್ದರು. ಫೋನ್ ಸಿಗದೆ ಇಬ್ಬರೂ ಅದೇ ಮರಿಗೆ ಕೂಗಿದರು. ತಮ್ಮ ಮೇಲೆ ತಾವೇ ಮೂರು ಸವಾಲು ಏರಿಸಿಕೊಂಡಿದ್ದರು. ಆ ದಿನ ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಮೊದಲೇ ಮಾತಾಡಿಕೊಳ್ಳಿ ಅಂತ ನಾನೇ ಹೇಳಬೇಕಿತ್ತು.

ಸುತ್ತಿಗೆ ಬಡಿದ ಕ್ಷಣದಿಂದ ಮರಿಯ ಜವಾಬ್ದಾರಿ ಕೊಂಡವರದ್ದು. ಲಾಯಕ್ಕೆ ವಾಪಸ್ ಹೋಗುವ ದಾರಿಯಲ್ಲಿ ಕಾಲು ಮುರಿದುಕೊಂಡರೂ ನಷ್ಟ ನಿಮ್ಮದೇ. ವಿಮೆಯ ಮಾತು ಮೊದಲೇ ಮುಗಿಸಿಡಿ.

ಇನ್ನೊಬ್ಬ ಸದಸ್ಯರು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ ಸರ್. ಜಾಸ್ತಿ ಬೆಲೆಗೆ ಹೋದ ಮರಿ ಚೆನ್ನಾಗಿ ಓಡುತ್ತದೆ ಅಂತ ಭರವಸೆ ಇದೆಯಾ?

ಉತ್ತರ:
ಒಂದೇ ತಾಯಿಯ ಎರಡು ಮಕ್ಕಳ ಕಥೆ ಹೇಳುತ್ತೇನೆ. ತಾಯಿಯ ಹೆಸರು ಮೈ ಚಾರ್ಮರ್. ಅವಳ ಮಗ ಸಿಯಾಟಲ್ ಸ್ಲೂ 1975ರ ಹರಾಜಿನಲ್ಲಿ 17,500 ಡಾಲರ್‌ಗೆ ಹೋದ. 1977ರಲ್ಲಿ, ಅಲ್ಲಿಯ ತನಕ ಒಂದು ರೇಸನ್ನೂ ಸೋಲದೆ, ಟ್ರಿಪಲ್ ಕ್ರೌನ್ ಗೆದ್ದ, ಅಂದರೆ ಅಮೆರಿಕದ ಮೂರು ದೊಡ್ಡ ರೇಸುಗಳನ್ನೂ. ಆಮೇಲೆ ಅವನ ತಮ್ಮ, ಬೇರೆ ತಂದೆಯ ಸಿಯಾಟಲ್ ಡ್ಯಾನ್ಸರ್, 1985ರಲ್ಲಿ ಕೀನ್‌ಲ್ಯಾಂಡ್‌ಗೆ ಬಂದ. ಎರಡು ಶ್ರೀಮಂತ ತಂಡಗಳು ಬಿಡಲೇ ಇಲ್ಲ. 1 ಕೋಟಿ 31 ಲಕ್ಷ ಡಾಲರ್! ಕೆಟ್ಟ ಕುದುರೆ ಏನಲ್ಲ, ಆದರೆ ಗೆದ್ದದ್ದು ಎರಡೇ ರೇಸು.

2006ರಲ್ಲಿ ಫ್ಲೋರಿಡಾದಲ್ಲಿ, ಎರಡು ವರ್ಷದ ಕುದುರೆಗಳ ಹರಾಜಿನಲ್ಲಿ, ದಿ ಗ್ರೀನ್ ಮಂಕಿ 1 ಕೋಟಿ 60 ಲಕ್ಷ ಡಾಲರ್‌ಗೆ ಹೋಯಿತು. ಓಡಿದ್ದು ಮೂರು ರೇಸು, ಒಂದೂ ಗೆಲ್ಲಲಿಲ್ಲ. ಹಿಂದಿನ ವರ್ಷ ಅದೇ ಕುದುರೆ 4,25,000 ಡಾಲರ್‌ಗೆ ಮಾರಾಟವಾಗಿತ್ತು. ಬೆಲೆ ಏರಬೇಕಾದರೆ ಬಿಡದೆ ಕೂಗುವ ಇಬ್ಬರು ಬೇಕು. ಕುದುರೆಗೆ ಅದರ ಸುದ್ದಿಯೇ ಗೊತ್ತಿಲ್ಲ.

ಪ್ರಶ್ನೆ ಕೇಳಿದವರು:
ಡಾಕ್ಟ್ರೇ, ಆ ಹೆಣ್ಣು ಮರಿಯನ್ನು ಮರೆಯಲು ಆಗುತ್ತಿಲ್ಲ. ಈಗ ಏನಾದರೂ ಮಾಡಬಹುದಾ?

ಉತ್ತರ:
ಖಂಡಿತ. ಆರ್‌ಎನ್‌ಎ ಆದ ಮರಿಗಳು ಆಮೇಲೆ ಮಾತುಕತೆಯಲ್ಲಿ ಮಾರಾಟವಾಗುವುದು ಇಲ್ಲಿ ಮಾಮೂಲು. ಕ್ಯಾಟಲಾಗ್‌ನಲ್ಲಿ ಅದರ ಹಿಪ್ ನಂಬರ್ ಹುಡುಕಿ, ಸೊಂಟದ ಮೇಲೆ ಅಂಟಿಸಿದ್ದರಲ್ಲ, ಅದೇ. ಅದೇ ಪುಟದಲ್ಲಿ ಮಾರಾಟಕ್ಕೆ ತಂದವರ ಹೆಸರಿರುತ್ತದೆ. ಫೋನ್ ಮಾಡಿ, "ಮರಿ ಇನ್ನೂ ನಿಮ್ಮ ಹತ್ತಿರ ಇದೆಯಾ" ಅಂತ ಕೇಳಿ. ಬೆಲೆಯ ಮಾತು ಮೊದಲು ಅವರ ಬಾಯಿಂದ ಬರಲಿ. 90,000 ನೋಡಿದ್ದೇನೆ ಅಂತ ನೀವಾಗಿ ಹೇಳಬೇಡಿ.

ಎಕ್ಸ್‌ರೇ ಮತ್ತು ಗಂಟಲಿನ ವಿಡಿಯೊ ಎರಡನ್ನೂ ಕೇಳಿ. ಗಂಟಲಿನ ಒಂದು ಬದಿ ಸರಿಯಾಗಿ ತೆರೆಯದಿದ್ದರೆ ಓಡುವಾಗ ಉಸಿರು ಸಾಲುವುದಿಲ್ಲ, ಹೊರಗಿನಿಂದ ಅದು ಕಾಣುವುದಿಲ್ಲ. ಆಮೇಲೆ ಫಾರಂಗೆ ಹೋಗಿ, ಗಟ್ಟಿ ನೆಲದ ಮೇಲೆ ನಡೆಸಿ ತೋರಿಸಿ ಅನ್ನಿ. ಹುಲ್ಲಿನ ಮೇಲೆ ಬೇಡ. ಶನಿವಾರ ಹೋಗುವುದಾದರೆ ತಿಳಿಸಿ, ನಾನೂ ಬರುತ್ತೇನೆ.